ಬೀಗ ಹಾಕಿದ ಮನೆಗಳ ಪುಸ್ತಕ

ಕುಕ್ ಟೌನಿನ ನಮ್ಮ ರಸ್ತೆಯ ಮೂಲೆಯಲ್ಲಿ, ಬೇಕರಿಯ ಪಕ್ಕದ ಗೋಡೆಗೆ ಒಂದು ತಗಡಿನ ಪೆಟ್ಟಿಗೆ ಹೊಡೆದಿದ್ದಾರೆ. ಅದರೊಳಗೆ ಎರಡು ಪುಸ್ತಕಗಳಿವೆ. ಒಂದು ಪೊಲೀಸರ ಬೀಟ್ ಪುಸ್ತಕ. ಗಸ್ತಿಗೆ ಬಂದ ಕಾನ್‌ಸ್ಟೆಬಲ್ ಅದರಲ್ಲಿ ಹೊತ್ತು ಬರೆದು ಸಹಿ ಹಾಕಿ ಹೋಗುತ್ತಾರೆ. ಇನ್ನೊಂದು ನನ್ನದು. ಊರಿಗೆ ಹೋದವರು ಬೀಗ ಹಾಕಿಕೊಂಡು ಹೋದ ಮನೆಗಳ ಪುಸ್ತಕ. ಉದ್ದ ರೂಲಿನ ರಿಜಿಸ್ಟರು. ಗೆರೆ ಎಳೆದವಳೂ ನಾನೇ, ನೀಲಿ ಕಾಗದದ ರಟ್ಟು ಹಾಕಿದವಳೂ ನಾನೇ.

ಅದರ ಹದಿನೇಳನೇ ಹಾಳೆಯಲ್ಲಿ ಒಂದು ಮನೆಯ ಮುಂದೆ ಸೋಮವಾರ, ಮಂಗಳವಾರ, ಬುಧವಾರ ಎಂದು ಮೂರು ಸಾಲುಗಳಿವೆ. ಒಂದೊಂದು ಸಾಲಿನಲ್ಲೂ ಮೂರು ರೈಟ್ ಮಾರ್ಕುಗಳಿವೆ. ಮೊದಲನೆಯದು ನನ್ನದು, ಎರಡನೆಯದು ಸೆಕ್ಯೂರಿಟಿಯವನದು, ಮೂರನೆಯದು ಪೊಲೀಸರದು. ಷರಾ ಎಂಬ ಕಾಲಮ್ಮಿನಲ್ಲಿ ನನ್ನ ದುಂಡು ಅಕ್ಷರದಲ್ಲಿ ‘ಭದ್ರ’ ಎಂದು ಮೂರು ಸಲ ಬರೆದಿದೆ. ಆ ಮೂರು ದಿನವೂ ನನ್ನ ಗೆಳತಿ ಆ ಮನೆಯ ಹಿಂದಿನ ಓಣಿಯಲ್ಲಿ ನೆಲದ ಮೇಲೆ ಬಿದ್ದಿದ್ದರು. ಅವರು ಈಗ ಇಲ್ಲ. ನನ್ನ ಅಕ್ಷರ ಚೆನ್ನಾಗಿದೆ ಎಂದು ಮೊದಲು ಹೊಗಳುತ್ತಿದ್ದವರು ಈಗ ಆ ಹಾಳೆ ಬಂದರೆ ಬೇಗ ಮಗುಚಿಬಿಡುತ್ತಾರೆ.

ನಾನು ದಾವಣಗೆರೆ ಕಡೆಯವಳು. ಯಜಮಾನರ ಕೆಲಸದ ಬೆನ್ನು ಹತ್ತಿ ಈ ಕಡೆ ಬಂದು, ಇಪ್ಪತ್ತೆರಡು ವರ್ಷ ಒಂದು ಶಾಲೆಯ ಗ್ರಂಥಾಲಯ ನೋಡಿಕೊಂಡೆ. ಪುಸ್ತಕ ಕೊಟ್ಟಿದ್ದು, ಬಂದಿದ್ದು, ಹರಿದಿದ್ದು, ಕಳೆದಿದ್ದು ಎಲ್ಲ ಬರೆದಿಡುವುದೇ ನನ್ನ ಬದುಕಾಗಿತ್ತು. ಕೆಲಸ ಬಿಟ್ಟ ಮೇಲೆ ಕೈ ಕಡಿಯುತ್ತಿತ್ತು. ಮನೆಯ ಮಸಾಲೆ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ ಯಜಮಾನರ ನಗೆಗೆ ಈಡಾಗಿದ್ದೆ. ಹೀಗಿರುವಾಗ ನಮ್ಮ ರಸ್ತೆಯಲ್ಲಿ ಒಂದು ಹಗಲುಗಳ್ಳತನವಾಯಿತು. ಮದುವೆಗೆ ಹೋದವರ ಮನೆಗೆ ಮಧ್ಯಾಹ್ನದ ಹೊತ್ತಿನಲ್ಲಿ ಯಾರೋ ನುಗ್ಗಿ ಬೀರು ಒಡೆದಿದ್ದರು. ಮರುವಾರ ಬಡಾವಣೆಯ ಸಂಘದವರು ಸಭೆ ಕರೆದರು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ನಮ್ಮದೂ ಅದೇ.

ಆ ಸಭೆಗೆ ಠಾಣೆಯಿಂದ ಒಬ್ಬರು ಸಾಹೇಬರು ಬಂದಿದ್ದರು. ಅವರು ಸುತ್ತಿ ಬಳಸಿ ಮಾತಾಡುವವರಲ್ಲ. “ನಮ್ಮ ಹತ್ರ ಜನ ಕಮ್ಮಿ ಇದ್ದಾರೆ. ಇವತ್ತು ಮೆರವಣಿಗೆ, ನಾಳೆ ಯಾರೋ ಮಿನಿಸ್ಟ್ರು, ನಾಡಿದ್ದು ಕೋರ್ಟು. ನೀವೂ ಕಣ್ಣಿಟ್ಟು ನೋಡ್ಬೇಕು. ಆದ್ರೆ ನೋಡೋದಷ್ಟೇ ನಿಮ್ಮ ಕೆಲಸ, ಯಾವ್ದನ್ನೂ ಮುಟ್ಬೇಡಿ,” ಎಂದರು. ಸಂಘದವರು ಒಂದು ಏಜೆನ್ಸಿಯಿಂದ ಹಗಲಿಗೊಬ್ಬ, ರಾತ್ರಿಗೊಬ್ಬ ಸೆಕ್ಯೂರಿಟಿಯನ್ನು ಗೊತ್ತು ಮಾಡಿದರು. ನಿವಾಸಿಗಳಲ್ಲಿ ಏಳು ಜನ ಸ್ವಯಂಸೇವಕರಾದೆವು. ಎಲ್ಲರೂ ಅರವತ್ತರ ಆಸುಪಾಸಿನವರು, ಇಬ್ಬರಿಗೆ ಮಂಡಿನೋವು. ಕಿತ್ತಳೆ ಬಣ್ಣದ ಜಾಕೆಟ್ಟೂ ಒಂದೊಂದು ಸೀಟಿಯೂ ಕೊಟ್ಟರು. ಆ ಜಾಕೆಟ್ ಹಾಕಿಕೊಂಡು ನಿಂತರೆ ರಸ್ತೆ ಗುಡಿಸಲು ಬಂದವರೆಂದು ತಿಳಿದು ಜನ ಕಸ ತಂದು ಕೊಡುತ್ತಿದ್ದರು. ನಾನಂತೂ ಎರಡೇ ದಿನಕ್ಕೆ ಅದನ್ನು ಬಾಗಿಲ ಹಿಂದೆ ನೇತುಹಾಕಿದೆ.

ಬೀಗ ಹಾಕಿದ ಮನೆಗಳ ಪುಸ್ತಕ ಇಡೋಣ ಎಂದವರು ನನ್ನ ಗೆಳತಿಯೇ. ಅವರನ್ನು ನಾನು ಅಕ್ಕ ಅನ್ನುತ್ತಿದ್ದೆ. ನನಗಿಂತ ಆರು ವರ್ಷ ದೊಡ್ಡವರು, ಮದುವೆಯಾಗಿರಲಿಲ್ಲ. ಹಲಸೂರಿನಲ್ಲಿ ಹುಟ್ಟಿ ಬೆಳೆದ ತಮಿಳಿನವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಸೇರಿ, ಅದೇ ಇಲಾಖೆಯಲ್ಲಿ ನಿವೃತ್ತರಾದವರು. ತಮಿಳು, ಕನ್ನಡ, ಉರ್ದು, ಇಂಗ್ಲಿಷ್, ಹೀಗೆ ಕಂಟೋನ್ಮೆಂಟ್ ಕಡೆಯ ನಾಲ್ಕೂ ಭಾಷೆ ಅವರ ನಾಲಿಗೆ ಮೇಲಿತ್ತು. ಕಿವಿಯಂತೂ ಬಲು ಚುರುಕು. ನಾನು ಮೆಟ್ಟಿಲು ಹತ್ತುವ ಸದ್ದಿನಲ್ಲೇ ಇವತ್ತು ನನಗೆ ಸೊಂಟನೋವು ಎಂದು ಹೇಳಿಬಿಡುತ್ತಿದ್ದರು. “ಬಾ ಮಾ, ಲೈಬ್ರರಿ,” ಎಂದು ಕರೆಯುತ್ತಿದ್ದರು. ಫಿಲ್ಟರ್ ಕಾಫಿ ಕೊಟ್ಟು, ನನ್ನ ಪುಸ್ತಕದ ಹುಚ್ಚನ್ನು ಆಡಿಕೊಂಡು ನಗುತ್ತಿದ್ದರು. ಈ ಊರಿನಲ್ಲಿ ನನಗೆ ಅವರಷ್ಟು ಹತ್ತಿರದವರು ಇನ್ನೊಬ್ಬರಿರಲಿಲ್ಲ.

ಅವರದು ನಮ್ಮ ಸಾಲಿನಲ್ಲಿ ಉಳಿದ ಕೊನೆಯ ಹಂಚಿನ ಮನೆ. ಎಡಗಡೆಯ ಬಂಗಲೆ ಫ್ಲಾಟಾಗಿತ್ತು, ನಾವಿರುವುದು ಅದರಲ್ಲೇ. ಬಲಗಡೆಯದನ್ನು ಆಗಷ್ಟೇ ಒಡೆಯುತ್ತಿದ್ದರು. ವಾರಕ್ಕಿಬ್ಬರಂತೆ ಬಿಲ್ಡರ್ ಕಡೆಯವರು ಬಂದು ಅಕ್ಕನ ಗೇಟು ತಟ್ಟುತ್ತಿದ್ದರು. ಅವರ ಕಾಟ ತಪ್ಪಿಸಿಕೊಳ್ಳಲು ಅಕ್ಕ ಒಂದು ಉಪಾಯ ಮಾಡಿಕೊಂಡಿದ್ದರು. ಮನೆಯೊಳಗೇ ಇದ್ದರೂ, ಗೇಟಿನ ಸರಳುಗಳ ನಡುವೆ ಕೈ ತೂರಿಸಿ ಹೊರಗಡೆಯಿಂದ ಬೀಗ ಹಾಕುತ್ತಿದ್ದರು. ಬಂದವರು ಬೀಗ ನೋಡಿ ವಾಪಸ್ ಹೋಗುತ್ತಿದ್ದರು. ಬೀಗದ ಕೈಯನ್ನು ಕಂಬದ ಒಳಮೈಯ ಒಂದು ಮೊಳೆಗೆ ಸಿಕ್ಕಿಸಿರುತ್ತಿದ್ದರು. ನಿಜವಾಗಿ ಹೊರಗೆ ಹೋದಾಗ ಮಾತ್ರ ಅದು ಅವರ ಪರ್ಸಿನಲ್ಲಿರುತ್ತಿತ್ತು.

ಮೊದಲ ಸಲ ತೋರಿಸಿದಾಗ ನನ್ನ ಮಣಿಕಟ್ಟು ಹಿಡಿದು ಸರಳಿನೊಳಗೆ ತೂರಿಸಿದ್ದರು. “ಇಲ್ಲಿ ಕೈ ಹಾಕಿ ನೋಡು. ಕೀ ಇದ್ರೆ ನಾನಿದ್ದೀನಿ. ಇಲ್ದಿದ್ರೆ ಇಲ್ಲ. ಇದು ನಿಂಗೊಬ್ಳಿಗೇ ಗೊತ್ತಿರ್ಲಿ ಮಾ,” ಎಂದಿದ್ದರು. ಆಮೇಲೆ ನೂರಾರು ಸಲ ಹಾಗೆಯೇ ಕೈ ಹಾಕಿ, ಮೊಳೆಯ ಮೇಲೆ ಕೀ ತಡಕಿ, ಬೀಗ ತೆಗೆದುಕೊಂಡು ಒಳಗೆ ಹೋಗಿ ಕಾಫಿ ಕುಡಿದಿದ್ದೇನೆ.

ನಮ್ಮ ಪುಸ್ತಕದ ಕ್ರಮ ಸರಳವಾಗಿತ್ತು. ಊರಿಗೆ ಹೊರಟವರು ಎಂದಿನಿಂದ ಎಂದಿನವರೆಗೆ ಎಂದು ಚೀಟಿ ಬರೆದು ನನಗೆ ಕೊಡುವುದು. ನಾನು ಪುಸ್ತಕಕ್ಕೆ ಏರಿಸುವುದು. ಆ ದಿನಗಳಲ್ಲಿ ಸ್ವಯಂಸೇವಕರಲ್ಲೊಬ್ಬರು, ಸೆಕ್ಯೂರಿಟಿಯವನು, ಬೀಟಿನ ಪೊಲೀಸರು, ಹೀಗೆ ಮೂವರೂ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಬೀಗ ನೋಡಿ ರೈಟ್ ಹಾಕುವುದು. ದಿನಕ್ಕೆ ಮೂರು ಜೋಡಿ ಕಣ್ಣು ಎಂದು ಸಭೆಯಲ್ಲಿ ಚಪ್ಪಾಳೆ ಹೊಡೆದಿದ್ದರು. ಚಪ್ಪಾಳೆಯಲ್ಲಿ ನನ್ನದೇ ಜೋರಾಗಿತ್ತು.

ಹಗಲಿನ ಸೆಕ್ಯೂರಿಟಿಯವನು ಯಾದಗಿರಿ ಕಡೆಯ, ನಲವತ್ತು ದಾಟಿದ ಮನುಷ್ಯ. ಮಾತು ಕಮ್ಮಿ. ನನ್ನನ್ನು ಅಕ್ಕೋರೆ ಅನ್ನುತ್ತಿದ್ದ. ಅವನಿಗೆ ನಮ್ಮ ರಸ್ತೆಯ ಜೊತೆಗೆ ಹಿಂದಿನ ಎರಡು ಅಡ್ಡರಸ್ತೆಗಳೂ ಸೇರಿದ್ದವು. ಅದರ ಮೇಲೆ ಕೊರಿಯರ್ ತೆಗೆದುಕೊಳ್ಳುವುದು, ಕಾರು ಹಿಂದಕ್ಕೆ ತೆಗೆಯುವಾಗ ಕೈ ತೋರಿಸುವುದು, ಯಾರದೋ ಮನೆಯ ನೀರಿನ ಮೋಟಾರು ನಿಲ್ಲಿಸುವುದು. ಬೀಟಿನ ಕಾನ್‌ಸ್ಟೆಬಲ್ ಕೋಲಾರದ ಕಡೆಯವರು, ಒಳ್ಳೆಯವರು. ಬಂದೋಬಸ್ತ್ ಮುಗಿಸಿ ಕೆಂಪು ಕಣ್ಣಿನಲ್ಲಿ ಬೈಕ್ ಓಡಿಸಿಕೊಂಡು ಬರುತ್ತಿದ್ದರು. ಒಂದು ದಿನ ಪೆಟ್ಟಿಗೆಯ ಮುಂದೆ ನಿಂತು, “ಮೇಡಂ, ನೀವು ನೋಡಿದ್ದೀರಲ್ಲ, ಅಷ್ಟು ಸಾಕು. ನಿಮ್ಮ ರೈಟ್ ನೋಡಿ ನಾನೂ ಹಾಕ್ಕೊಂಡ್ಬಿಡ್ತೀನಿ,” ಎಂದರು. ನನಗೆ ಅದರಿಂದ ಹೆಮ್ಮೆಯಾಯಿತು. ಪೊಲೀಸರೇ ನನ್ನ ಪುಸ್ತಕ ನಂಬುತ್ತಾರೆ ಎಂದು ಮನೆಗೆ ಬಂದು ಹೇಳಿಕೊಂಡೆ. ಸೆಕ್ಯೂರಿಟಿಯವನೂ ನನ್ನದನ್ನು ನೋಡಿಯೇ ಹಾಕುತ್ತಾನೆಂದು ನನಗೆ ಗೊತ್ತಿತ್ತು. ಪಾಪ, ಅವನಿಗೆ ಕೆಲಸ ಹೆಚ್ಚು ಎಂದು ಸುಮ್ಮನಿದ್ದೆ. ಹೀಗೆ ಮೂವರ ಕಾವಲು ಒಬ್ಬಳ ಮೇಲೆ ಬಂದು ಕೂತಿತ್ತು. ಅದನ್ನು ನಾನು ಭಾರ ಅಂದುಕೊಳ್ಳಲಿಲ್ಲ, ಮರ್ಯಾದೆ ಅಂದುಕೊಂಡೆ.

ಅಕ್ಕ ವರ್ಷಕ್ಕೊಮ್ಮೆ ತಿರುವಣ್ಣಾಮಲೈಗೆ ಒಬ್ಬರೇ ಹೋಗುತ್ತಿದ್ದರು. ನಾಲ್ಕೈದು ದಿನ. ಹೋಗುವಾಗ ಫೋನು ಆರಿಸಿ ಬೀರುವಿನಲ್ಲಿಟ್ಟು ಹೋಗುವುದು ಅವರ ಪದ್ಧತಿ. “ಮೂವತ್ತೈದು ವರ್ಷ ಊರವ್ರ ಫೋನೆಲ್ಲ ಕೇಳಿದ್ದೀನಿ. ಅಷ್ಟು ದಿನ ಸ್ವಾಮಿ ಒಬ್ನೇ ಮಾತಾಡ್ಲಿ,” ಎನ್ನುತ್ತಿದ್ದರು. ಕೆ.ಜಿ.ಎಫ್‌ನಲ್ಲಿರುವ ಅವರ ತಂಗಿಗೂ ಇದು ಗೊತ್ತಿದ್ದರಿಂದ ಅವರೂ ಆ ದಿನಗಳಲ್ಲಿ ಫೋನು ಮಾಡುತ್ತಿರಲಿಲ್ಲ. ಆ ಸಲವೂ ಭಾನುವಾರ ಸಂಜೆ ಅಕ್ಕ ನನಗೆ ಚೀಟಿ ಕೊಟ್ಟರು. ಸೋಮವಾರ ಬೆಳಿಗ್ಗೆ ಹೊರಟು ಶುಕ್ರವಾರ ಬರುವುದು. ಅವರು ಹೋಗುವ ಮೊದಲೇ ಫಿಲ್ಟರಿನಲ್ಲಿ ಉಳಿದ ಡಿಕಾಕ್ಷನ್ ಖಾಲಿ ಮಾಡಬೇಕೆಂದು ನನಗೆ ಎರಡು ಲೋಟ ಕಾಫಿ ಕುಡಿಸಿದರು.

ಸೋಮವಾರ ಮುಂಜಾನೆ, ಹೊರಡುವ ಮೊದಲು, ಅವರು ಹಿಂದಿನ ಓಣಿಗೆ ಹೋಗಿದ್ದಾರೆ. ಅಡುಗೆಮನೆಗೂ ಕಾಂಪೌಂಡಿಗೂ ನಡುವೆ ಶೀಟು ಹೊದಿಸಿದ ಸಣ್ಣ ಜಾಗ ಅದು. ಬಟ್ಟೆ ಒಗೆಯುವ ಕಲ್ಲು, ಒಂದು ಬಕೆಟ್ಟು ನೀರು, ಒಂದು ಚೊಂಬು. ಅಲ್ಲಿ ಸ್ಟ್ರೋಕ್ ಆಗಿ ಬಿದ್ದಿದ್ದಾರೆ. ಬಲಗಡೆಯ ಕೈಕಾಲು ಹೋಯಿತು, ಮಾತೂ ಹೋಯಿತು. ಎಡಗೈ ಉಳಿಯಿತು. ಆ ಕೈಗೆ ಬಕೆಟ್ಟೂ ಚೊಂಬೂ ಎಟುಕುತ್ತಿದ್ದುದರಿಂದ ಜೀವ ಉಳಿಯಿತು ಎಂದು ಡಾಕ್ಟರು ಆಮೇಲೆ ಹೇಳಿದರು. ಇದೆಲ್ಲ ಆಮೇಲೆ ತಿಳಿದದ್ದು. ಆಗ ನನ್ನ ಪ್ರಕಾರ ಅಕ್ಕ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೊಸೂರು ದಾಟಿರಬೇಕಿತ್ತು.

ಬೆಳಿಗ್ಗೆ ಎಂಟೂವರೆಗೆ ನಾನು ಹೋದೆ. ಗೇಟಿಗೆ ಬೀಗವಿತ್ತು. ಹಿಡಿದು ಅಲ್ಲಾಡಿಸಿದೆ. ಎರಡು ಸಲ ಅಲ್ಲಾಡಿಸಿ, ಸ್ವಲ್ಪ ನಿಲ್ಲಿಸಿ, ಇನ್ನೊಂದು ಸಲ. ಗ್ರಂಥಾಲಯದ ಬಾಗಿಲು ಹಾಕುವಾಗ ಕೈಗೆ ಅಂಟಿದ ರೂಢಿ ಅದು. ಎರಡು ಸಲ ಬೀಗಕ್ಕೆ, ಒಂದು ಸಲ ನನ್ನ ಅನುಮಾನಕ್ಕೆ. ಆಮೇಲೆ ಮೂಲೆಗೆ ಹೋಗಿ ರೈಟ್ ಹಾಕಿ ‘ಭದ್ರ’ ಎಂದು ಬರೆದೆ.

ಕೈ ಹಾಕಿ ಮೊಳೆ ಮುಟ್ಟಿ ನೋಡಲಿಲ್ಲ. ಯಾಕೆ ನೋಡಲಿಲ್ಲ ಎಂದು ಎಷ್ಟೋ ಜನ ಕೇಳಿದ್ದಾರೆ, ಎಲ್ಲರಿಗಿಂತ ಹೆಚ್ಚು ನಾನೇ ಕೇಳಿಕೊಂಡಿದ್ದೇನೆ. ನನಗೆ ಸಿಕ್ಕಿರುವ ಉತ್ತರ ಒಂದೇ. ಕೊಟ್ಟಿದೆ ಎಂದು ಬರೆದ ಪುಸ್ತಕವನ್ನು ಯಾರೂ ಕಪಾಟಿನಲ್ಲಿ ಹುಡುಕುವುದಿಲ್ಲ. ಇಪ್ಪತ್ತೆರಡು ವರ್ಷ ನಾನು ಹುಡುಕಿರಲಿಲ್ಲ. ಅಕ್ಕ ಊರಲ್ಲಿಲ್ಲ ಎಂದು ನಾನೇ ಬರೆದಿದ್ದೆ. ಕಾಫಿಗೆ ಹೋಗುವ ದಿನ ತಾನಾಗಿಯೇ ಸರಳಿನೊಳಗೆ ಹೋಗುತ್ತಿದ್ದ ಕೈ, ಕಾವಲಿಗೆ ಹೋದ ದಿನ ಹೋಗಲಿಲ್ಲ.

ಪಕ್ಕದಲ್ಲಿ ಬಂಗಲೆ ಒಡೆಯುವ ಸದ್ದು ಬೆಳಿಗ್ಗೆ ಎಂಟರಿಂದಲೇ ಶುರುವಾಗುತ್ತಿತ್ತು. ಕಂಪ್ರೆಸರು, ಸುತ್ತಿಗೆ, ಹಾರೆ, ಅದರ ನಡುವೆ ಮೇಸ್ತ್ರಿಯ ಕೂಗು. ಮಂಗಳವಾರ ಬೆಳಿಗ್ಗೆಯೂ ನಾನು ಹೋಗಿ ಬೀಗ ಅಲ್ಲಾಡಿಸಿ ಬಂದೆ. ಅಂದು ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಅಡ್ಡಾಗಿದ್ದೆ. ದೊಡ್ಡ ಯಂತ್ರ ನಿಂತಿತ್ತು. ಆದರೆ ಏನೋ ಒಂದು ಬಡಿತ ಮಾತ್ರ ಬರುತ್ತಲೇ ಇತ್ತು. ಕಲ್ಲಿನ ಮೇಲೆ ಲೋಹ ಬಡಿದ ಸಣ್ಣ ಸದ್ದು. ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಯಾರೋ ಹಳೆಯ ಟೈಲ್ಸ್ ಕೆತ್ತುತ್ತಿದ್ದಾರೆಂದು ನನಗೆ ಸಿಟ್ಟು ಬಂತು. ನನ್ನ ಸಿಟ್ಟು ನಮ್ಮ ಮನೆಯಲ್ಲಿ ಹೆಸರುವಾಸಿ. ಫೋನ್ ಎತ್ತಿಕೊಂಡು ನಮ್ಮ ಸ್ವಯಂಸೇವಕರ ಗುಂಪಿಗೆ ಬರೆದೆ: ‘ಊಟದ ಹೊತ್ತಿನಲ್ಲಾದರೂ ಆ ಬಡಿಯುವುದನ್ನು ನಿಲ್ಲಿಸಲು ಯಾರಾದರೂ ಹೇಳುತ್ತೀರಾ? ಮನುಷ್ಯರು ಮಲಗುವುದು ಬೇಡವೇ?’

ಆರು ಜನ ಹೆಬ್ಬೆಟ್ಟು ಎತ್ತಿದರು. ಕಾನ್‌ಸ್ಟೆಬಲ್ಲೂ ಆ ಗುಂಪಿನಲ್ಲಿದ್ದರು. ಸೈಟಿನವರಿಗೆ ಹೇಳುತ್ತೇನೆ ಎಂದು ಬರೆದರು. ಸಂಘದ ಕಾರ್ಯದರ್ಶಿ, ನಾಳೆ ಸೆಕ್ಯೂರಿಟಿಯನ್ನು ಕಳಿಸುತ್ತೇನೆ ಎಂದರು. ಆ ಸಂದೇಶ ಈಗಲೂ ನನ್ನ ಫೋನಿನಲ್ಲಿದೆ. ಅಳಿಸುವ ಧೈರ್ಯವೂ ಇಲ್ಲ, ಓದುವ ಧೈರ್ಯವೂ ಇಲ್ಲ.

ಬುಧವಾರ ಬೆಳಿಗ್ಗೆ ಮೂರನೇ ಸಲ ಹೋದೆ. ಎರಡು ಸಲ, ನಿಲ್ಲಿಸಿ ಒಂದು ಸಲ. ‘ಭದ್ರ.’

ಅಂದು ಮಧ್ಯಾಹ್ನ ಒಂದೂವರೆಗೆ ಬಾಗಿಲ ಗಂಟೆ ಸದ್ದಾಯಿತು. ಸೆಕ್ಯೂರಿಟಿಯವನು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಸದ್ದು ನಿಲ್ಲಿಸಲು ಹೇಳಿ ಬಾ ಎಂದು ಅವನನ್ನು ಸೈಟಿಗೆ ಕಳಿಸಿದ್ದರು.

“ಅಕ್ಕೋರೆ, ಅಲ್ಲಿ ಯಾರೂ ಬಡೀಲಿಕತ್ತಿಲ್ರಿ,” ಎಂದ. “ಎಲ್ಲಾರೂ ಉಣ್ಲಿಕ ಕುಂತಾರ. ಮೇಸ್ತ್ರಿ ನನಗೇ ಬೈದ. ಆದ್ರ ಸಪ್ಪಳ ಬರ್ಲಿಕತ್ತದ. ನಾ ಗ್ವಾಡಿಗಿ ಕಿವಿ ಹಚ್ಚಿ ಕೇಳೀನ್ರಿ. ಅದು ಆ ಅಕ್ಕಾರ ಮನ್ಯಾಗಿಂದ ಬರ್ತದ.”

“ಅವ್ರು ಊರಲ್ಲಿಲ್ಲ ಕಣಪ್ಪ,” ಎಂದೆ. ಬಾಯಿ ಹಾಗೆಂದರೂ ಕಾಲು ಆಗಲೇ ಮೆಟ್ಟಿಲು ಇಳಿಯುತ್ತಿತ್ತು.

ಇಬ್ಬರೂ ಗೇಟಿನ ಮುಂದೆ ನಿಂತೆವು. ಬೀಗ ಹಾಗೆಯೇ ಇತ್ತು. ಒಳಗಿನಿಂದ ಟಕ್ ಟಕ್ ಎಂದು ಬಂದು ನಿಂತಿತು. ನಾನು ಅಕ್ಕಾ ಎಂದು ಕೂಗಿದೆ. ಮಾತು ಬರಲಿಲ್ಲ. ಮತ್ತೆ ಟಕ್ ಟಕ್ ಎಂದಿತು, ಈ ಸಲ ಅವಸರವಾಗಿ.

ಆಮೇಲೆ ನಡೆದದ್ದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಸೆಕ್ಯೂರಿಟಿಯವನು ತನ್ನ ಸೂಪರ್‌ವೈಸರಿಗೆ ಫೋನು ಮಾಡಿದ. ಮನೆಯವರ ಅಪ್ಪಣೆಯಿಲ್ಲದೆ ಕಾಂಪೌಂಡಿನೊಳಗೆ ಕಾಲಿಡಬೇಡ, ಏನಾದರೂ ಕಳೆದರೆ ಏಜೆನ್ಸಿ ತಲೆಯ ಮೇಲೆ ಬರುತ್ತದೆ ಎಂದು ಅವರು ಹೇಳಿದರು. ನಾನು ಸಂಘದ ಕಾರ್ಯದರ್ಶಿಗೆ ಮಾಡಿದೆ. ನಾವು ನೋಡುವವರಷ್ಟೇ, ಪೊಲೀಸರಿಗೆ ತಿಳಿಸಿ ಎಂದರು. ಕಾನ್‌ಸ್ಟೆಬಲ್ಲಿಗೆ ಮಾಡಿದೆ. ಅವರು ಶಿವಾಜಿನಗರದ ಕಡೆ ಬಂದೋಬಸ್ತಿನಲ್ಲಿದ್ದರು. ಜನರ ಗಲಾಟೆಯ ನಡುವೆ ಅವರ ದನಿ ಅರ್ಧಂಬರ್ಧ ಕೇಳುತ್ತಿತ್ತು. “ಬೀಗ ಒಡೀಬೇಡಿ ಮೇಡಂ, ಆಮೇಲೆ ಪ್ರಾಬ್ಲಂ ಆಗುತ್ತೆ. ಸ್ಟೇಷನ್‌ಗೆ ಹೇಳ್ತೀನಿ, ಬರ್ತಾರೆ,” ಎಂದರು. ಮೂವರೂ ಸುಳ್ಳು ಹೇಳಲಿಲ್ಲ. ಎಲ್ಲರೂ ತಮ್ಮ ತಮ್ಮ ಗೆರೆಯೊಳಗೆ ನಿಂತು ಮಾತಾಡಿದರು. ಆ ಗೆರೆ ಎಳೆದ ಸಭೆಯಲ್ಲಿ ನಾನೂ ಇದ್ದೆ. ಒಳಗೆ ಬಡಿತ ನಡೆದೇ ಇತ್ತು, ಹೊರಗೆ ನಾವು ಹತ್ತು ಹನ್ನೆರಡು ನಿಮಿಷ ಫೋನಿನಲ್ಲಿ ಕಳೆದೆವು.

ಕಡೆಗೆ ಕಾನ್‌ಸ್ಟೆಬಲ್ಲೇ ಮತ್ತೆ ಫೋನು ಮಾಡಿ ಕೇಳಿದರು: “ಮೇಡಂ, ಆ ಬೀಗದ ಕೀ ಯಾರ ಹತ್ರಾನೂ ಇಲ್ವಾ?”

ಫೋನು ಸೆಕ್ಯೂರಿಟಿಯವನ ಕೈಗೆ ಕೊಟ್ಟು, ಸರಳುಗಳ ನಡುವೆ ಕೈ ತೂರಿಸಿದೆ. ಕೀ ಮೊಳೆಯ ಮೇಲೆ ಇತ್ತು. ಮೂರು ದಿನವೂ ಇದ್ದದ್ದು ಅಲ್ಲೇ, ನಾನು ಬೀಗ ಹಿಡಿದ ಜಾಗಕ್ಕೆ ಒಂದು ಗೇಣು ದೂರದಲ್ಲಿ.

ಗೇಟು ತೆಗೆದೆವು. ಮುಂಬಾಗಿಲಿಗೆ ಒಳಗಿನಿಂದ ಚಿಲಕ. ಪಕ್ಕದಿಂದ ಹಿಂದಿನ ಓಣಿಗೆ ಹೋಗಲು ಒಂದು ತಗಡಿನ ಬಾಗಿಲಿತ್ತು, ಅದಕ್ಕೂ ಚಿಲಕ. ಸೆಕ್ಯೂರಿಟಿಯವನು ನನ್ನ ಮುಖ ನೋಡಿದ. ನಾನು ಹತ್ತಿ ಇಳಿ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅವನು ಟೋಪಿಯನ್ನು ನನ್ನ ಕೈಯಲ್ಲಿಟ್ಟು ಬಾಗಿಲು ಹತ್ತಿ ಆ ಕಡೆ ಧುಮುಕಿದ. “ಅಯ್ಯ ತಾಯಿ,” ಎಂದದ್ದು ಕೇಳಿಸಿತು. ಆಮೇಲೆ ಚಿಲಕ ತೆಗೆದ.

ಅಕ್ಕ ಒಗೆಯುವ ಕಲ್ಲಿನ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಿದ್ದರು. ಊರಿಗೆ ಹೋಗಲೆಂದು ಉಟ್ಟ ಹಸಿರು ಸೀರೆ ಒದ್ದೆಯಾಗಿತ್ತು. ಎಡಗೈಯಲ್ಲಿ ಸ್ಟೀಲಿನ ಚೊಂಬಿತ್ತು. ಅದರ ಅಂಚು ನೆಗ್ಗಿಹೋಗಿತ್ತು. ನನ್ನನ್ನು ನೋಡಿ ಬಾಯಿ ತೆರೆದರು, ಸದ್ದು ಹೊರಡಲಿಲ್ಲ. ನಾನು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಅಳು ಬಂತೋ ಇಲ್ಲವೋ ನೆನಪಿಲ್ಲ. ಆಂಬುಲೆನ್ಸ್ ಕರೆದವನು ಸೆಕ್ಯೂರಿಟಿಯವನು.

ಅವರನ್ನು ಆಸ್ಪತ್ರೆಗೆ ಸೇರಿಸಿ, ತಂಗಿಗೆ ಸುದ್ದಿ ಮುಟ್ಟಿಸಿ, ಮೂರನೇ ದಿನ ಮನೆಗೆ ಬಂದಾಗ ಏಜೆನ್ಸಿಯವರು ವಿಚಾರಣೆಗೆ ಬಂದಿದ್ದರು. ನೋಡದೆ ಮೂರು ದಿನ ರೈಟ್ ಹಾಕಿದ್ದು ಒಂದು ತಪ್ಪು, ಅಪ್ಪಣೆಯಿಲ್ಲದೆ ಬಾಗಿಲು ಹತ್ತಿ ಇಳಿದಿದ್ದು ಇನ್ನೊಂದು ತಪ್ಪು ಎಂದು ಸೆಕ್ಯೂರಿಟಿಯವನನ್ನು ಕೆ.ಆರ್. ಪುರಂ ಆಚೆ ಯಾವುದೋ ಗೋದಾಮಿಗೆ ಹಾಕಿದರು. ನಾನು ಪತ್ರ ಬರೆದೆ, ಜಗಳವಾಡಿದೆ. ನೋಡದೆ ಹಾಕಿದ್ದು ತಪ್ಪಾದರೆ, ನೋಡಿಯೂ ಕಾಣದವಳಿಗೆ ಏನು ಶಿಕ್ಷೆ ಎಂದು ಕೇಳಿದೆ. ನೀವು ವಾಲಂಟಿಯರ್ ಮೇಡಂ, ನಿಮಗೆ ರೂಲ್ಸ್ ಇಲ್ಲ ಎಂದರು. ಹೊರಡುವ ದಿನ ಅವನು ಬಂದು, “ಆ ಅಕ್ಕಾರು ಮಾತಾಡಿದ್ರ ನನಗೊಂದು ಫೋನ್ ಹಚ್ರಿ,” ಎಂದು ಹೇಳಿ ಹೋದ. ಅಂಥ ಫೋನು ಮಾಡುವ ಭಾಗ್ಯ ನನಗೆ ಬರಲಿಲ್ಲ.

ಕಾನ್‌ಸ್ಟೆಬಲ್ಲೂ ಬಂದರು. ಪೆಟ್ಟಿಗೆಯ ಮುಂದೆ ನಿಂತು ಪುಸ್ತಕ ತೆರೆದು ಹದಿನೇಳನೇ ಹಾಳೆ ನೋಡಿದರು. ಸೋಮವಾರದ ರೈಟನ್ನೂ ಮಂಗಳವಾರದ ರೈಟನ್ನೂ ಅವರು ಒಟ್ಟಿಗೇ ಹಾಕಿದ್ದರು. ಬುಧವಾರದ್ದನ್ನು ಬೈಕಿನಿಂದ ಇಳಿಯದೆಯೇ. ಹಾಳೆ ಹರಿಯುತ್ತಾರೇನೋ ಎಂದುಕೊಂಡೆ. ಹರಿಯಲಿಲ್ಲ.

“ನಾನು ನಿಮ್ದು ನೋಡಿ ಹಾಕ್ದೆ. ಸೆಕ್ಯೂರಿಟೀನೂ ನಿಮ್ದು ನೋಡಿ ಹಾಕ್ದ,” ಎಂದರು. ಪುಸ್ತಕ ಮುಚ್ಚಿ, “ನೀವು ಏನ್ ನೋಡಿ ಹಾಕಿದ್ರಿ ಮೇಡಂ?” ಎಂದು ಕೇಳಿದರು. ಮಾತಿನಲ್ಲಿ ಆರೋಪವಿರಲಿಲ್ಲ. ಅವರಿಗೂ ನಿದ್ದೆಯಿರಲಿಲ್ಲ.

“ಬೀಗ ನೋಡಿ,” ಎಂದೆ.

ಅಕ್ಕನನ್ನು ಎರಡು ತಿಂಗಳ ನಂತರ ತಂಗಿ ಕೆ.ಜಿ.ಎಫ್‌ಗೆ ಕರೆದುಕೊಂಡು ಹೋದರು. ಮಾತು ಬರಲಿಲ್ಲ, ಬಲಗೈ ಏಳಲಿಲ್ಲ. ಹದಿನೈದು ದಿನಕ್ಕೊಮ್ಮೆ ನಾನು ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೋಗುತ್ತಿದ್ದೆ. ಕೆ.ಆರ್. ಪುರಂ ಬಂದಾಗ ಸೆಕ್ಯೂರಿಟಿಯವನ ನೆನಪಾಗಿ ಕಿಟಕಿಯ ಹೊರಗೆ ನೋಡುತ್ತಿದ್ದೆ. ಅಲ್ಲಿ ಹೋಗಿ ಅಕ್ಕನ ತಲೆ ಬಾಚುತ್ತಿದ್ದೆ, ಬೀದಿಯ ಸುದ್ದಿ ಹೇಳುತ್ತಿದ್ದೆ, ತಂಗಿ ಮಾಡಿದ ಕಾಫಿ ಕುಡಿಯುತ್ತಿದ್ದೆ. ಹೇಳಬೇಕಾದ ಒಂದು ಮಾತು ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದೆ. ನಾನು ಮೂರು ದಿನವೂ ಬಂದಿದ್ದೆ ಎಂದು ಅವರಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ಗೊತ್ತಾಗದಿದ್ದರೆ ಒಳ್ಳೆಯದು ಎಂದೂ ಅಂದುಕೊಂಡಿದ್ದೆ. ಆದರೆ ಅವರು ಕಣ್ಣು ಕೀಳದೆ ನನ್ನನ್ನು ನೋಡುವಾಗ ಲೋಟ ತೊಳೆಯುವ ನೆಪ ಮಾಡಿ ಎದ್ದು ಹೋಗುತ್ತಿದ್ದೆ.

ಐದನೆಯದೋ ಆರನೆಯದೋ ಸಲ ಹೋದಾಗ, ಮಧ್ಯಾಹ್ನ, ಅಕ್ಕ ಕಬ್ಬಿಣದ ಮಂಚಕ್ಕೆ ಒರಗಿ ಎಡಗೈಯಲ್ಲಿ ಚಮಚ ಹಿಡಿದು ಮೊಸರನ್ನ ತಿನ್ನುತ್ತಿದ್ದರು. ತಂಗಿ ಅಡುಗೆಮನೆಯಲ್ಲಿದ್ದರು. ತಡೆಯಲಾಗಲಿಲ್ಲ.

“ಅಕ್ಕಾ, ನಾನು ಬಂದಿದ್ದೆ,” ಎಂದೆ. “ಮೂರು ದಿನಾನೂ ಬಂದಿದ್ದೆ. ಬೀಗ ನೋಡ್ಕೊಂಡು ಹೋಗ್ಬಿಟ್ಟೆ. ಕೈ ಹಾಕಿ ನೋಡ್ಲಿಲ್ಲ.”

ಅವರು ತಿನ್ನುವುದನ್ನು ನಿಲ್ಲಿಸಿದರು. ನನ್ನನ್ನೇ ನೋಡಿದರು. ಚಮಚವನ್ನು ತಟ್ಟೆಯಿಂದ ಎತ್ತಿ ಮಂಚದ ಕಂಬಿಗೆ ಬಡಿದರು. ಎರಡು ಸಲ. ಸ್ವಲ್ಪ ನಿಲ್ಲಿಸಿ, ಇನ್ನೊಂದು ಸಲ.

ಅದು ನಾನು. ಬೀಗ ಅಲ್ಲಾಡಿಸುವ ನನ್ನ ಕೈ. ಮೂರು ಬೆಳಿಗ್ಗೆಯೂ ಬಂದವಳು ನಾನೇ ಎಂದು ಅವರಿಗೆ ಬಿದ್ದಲ್ಲಿಂದಲೇ ಗೊತ್ತಾಗಿತ್ತು.

ಆಮೇಲೆ ಮತ್ತೆ ಬಡಿಯಲು ಶುರು ಮಾಡಿದರು. ಈ ಸಲ ಲೆಕ್ಕವಿಲ್ಲದೆ, ಒಂದೇ ಸಮನೆ. ನಾನು ಬೀಗ ಅಲ್ಲಾಡಿಸಿ ಬೆನ್ನು ತಿರುಗಿಸಿದ ಮೇಲೆ ಅವರು ಏನು ಮಾಡಿದ್ದರು ಎಂಬುದನ್ನು ತೋರಿಸುತ್ತಿದ್ದರು. ಮೊಸರನ್ನದ ಅಗುಳು ಹೊದಿಕೆಯ ಮೇಲೆ ಸಿಡಿಯಿತು. ತಂಗಿ ಒಳಗಿನಿಂದ ಓಡಿ ಬಂದು, “ಪೋದುಂ ಅಕ್ಕಾ, ಸಾಕು,” ಎಂದು ಕೈ ಹಿಡಿಯಲು ಹೋದರು. ಅಕ್ಕ ಬಿಡಲಿಲ್ಲ. ಅವರ ಕಣ್ಣು ನನ್ನ ಮೇಲೇ ಇತ್ತು. ಕೈ ಸೋತು ಬಡಿತ ನಿಧಾನವಾಗುತ್ತಾ ಬಂತು, ನಿಲ್ಲಲಿಲ್ಲ. ನಾನು ಮಂಚದ ಪಕ್ಕ ನೆಲದ ಮೇಲೆ ಕೂತು ಆ ಕಂಬಿಗೆ ಕಿವಿ ಇಟ್ಟೆ.

“ಕೇಳಿಸ್ತು ಅಕ್ಕಾ,” ಎಂದೆ.

ಆಗ ಚಮಚ ಕೆಳಗಿಟ್ಟರು.